ಬಾಡಿಗೆಗೆ ಹಿಡಿದ ಬದನೆಕಾಯಿ ಬುಟ್ಟಿ

ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗಿ ಮರುದಿನ ತಿರುಗಿ ಬರಲು ಇಬ್ಬರಿಗೂ ಸೇರಿ ಐದು ರೂಪಾಯಿ ಆರಾಣೆ ಬಿತ್ತು. ಅದರಲ್ಲಿ ಎಂಟಾಣೆ ಬದನೆಕಾಯಿಯ ಬಾಡಿಗೆ. ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ತಂಗಿ ಶಾಂತಾ ಆಗ ಹನ್ನೊಂದನೆಯ ಇಯತ್ತೆಯಲ್ಲಿ ಡ್ರಾಯಿಂಗ್ ವಿಷಯ ತೆಗೆದುಕೊಂಡಿದ್ದಳು. ಮುಂದೆ ಡ್ರಾಯಿಂಗ್ ಕಲಿಸುವ ಕೆಲಸಕ್ಕೆ ಸೇರುವ ಹಂಬಲ. ಸಾಲೆಯ ಪೂರ್ವಪರೀಕ್ಷೆಯಲ್ಲಿ ಅದೊಂದರಲ್ಲೇ ನಪಾಸಾದಳು. ಚಿತ್ರದ ಮೇಲೆ ಕೆಂಪು ಮಸಿಯಲ್ಲಿ ‘ಬೆಳಕು ತಪ್ಪು’ ಎಂದಷ್ಟೇ ಬರೆದಿತ್ತು. ಬರೆದ ಮಾಸ್ತರರು ವರ್ಗವಾಗಿ ಹೋಗಿದ್ದರು. ದೊಡ್ಡ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅದೂ ಹೋದರೆ ಒಂದು ವರ್ಷ ಹೋದಂತೆ. ಗೋಕಾಕದಲ್ಲಿ ಕೆಲಸದಿಂದ ನಿವೃತ್ತರಾದ ಡ್ರಾಯಿಂಗ್ ಮಾಸ್ತರರೊಬ್ಬರು ಇದ್ದಾರೆಂದು ತಿಳಿದು, ಪಾತ್ರೆ ಅಂಗಡಿಗೆ ಕೀಲಿ ಹಾಕಿ ಹೊರಟೆ.

ಬೆಳಗಿನ ಬಸ್ಸು ಘಟಪ್ರಭಾದಲ್ಲಿ ಇಳಿಸಿತು. ಗೋಕಾಕದ ಬಸ್ಸಿಗೆ ಒಂದು ತಾಸು ಕಾಯಬೇಕಿತ್ತು. ಚುರಮುರಿ, ಮಿರ್ಚಿ ಭಜಿ ತಿಂದೆವು. ಆಣೆಗೆ ಎರಡು ಎಂದಿದ್ದ ಭಜಿಯನ್ನು ಚೌಕಾಶಿ ಮಾಡಿ ಆಣೆಗೆ ಮೂರರಂತೆ ಕೊಂಡೆ. ಫಾಲ್ಗುಣದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಮಾಸ್ತರರು ಪಡಸಾಲೆಯಲ್ಲಿ ಚಾಪೆ ಹಾಸಿ ಶಾಂತಾಳ ಚಿತ್ರಗಳನ್ನು ಹರವಿದರು. ಮಾವು, ಸೀತಾಫಲ, ದಾಳಿಂಬೆ. ಕೈ ಚಲೋ ಇದೆ ಎಂದರು. ನಂತರ ಬರೆಯುವಾಗ ಕಿಟಕಿ ಯಾವ ಕಡೆ ಇತ್ತೆಂದು ಕೇಳಿದರು.

“ಎಡಕ್ರಿ,” ಎಂದಳು ಶಾಂತಾ.

“ಮತ್ತ ಮಾವಿನ ಹೊಳಪು ಬಲಕ್ಕ ಯಾಕ ಬಿದ್ದೈತಿ?”

“ಹಣ್ಣಿಗೇ ಹಂಗ ಐತ್ರಿ.”

ಅವಳು ಚೀಲದಿಂದ ಮಾವಿನಹಣ್ಣು ತೆಗೆದುಕೊಟ್ಟಳು. ಮಾಸ್ತರರು ಅದನ್ನು ಅಂಗೈಯಲ್ಲಿ ತಿರುವಿದರು. ಹೊಳಪೂ ಹಣ್ಣಿನ ಜೊತೆ ತಿರುಗಿತು. ಅದು ಗೋಕಾಕದಲ್ಲೇ ಮಾಡಿದ, ಬಣ್ಣ ಹಚ್ಚಿದ ಕಟ್ಟಿಗೆಯ ಹಣ್ಣು. ಮಾವು ಸಿಗದ ಕಾಲ, ನಿಜವಾದದ್ದು ಕೊಳೆಯುತ್ತದೆ, ಇದು ವರ್ಷಗಟ್ಟಲೆ ಬಾಳುತ್ತದೆ ಎಂದು ಲೆಕ್ಕ ಹಾಕಿ ಡಜನ್ನು ಚೌಕಾಶಿ ಮಾಡಿ ಕೊಂಡವನು ನಾನೇ. ಮಾಡಿದವರ ತಪ್ಪೇನಿಲ್ಲ. ಯಾವ ಮನೆಯಲ್ಲಿಟ್ಟರೂ ಹೊಳೆಯಲೆಂದು ಬಿಳಿ ಬಣ್ಣದ ಬೆಳಕನ್ನು ಹಣ್ಣಿನ ಮೇಲೇ ಬರೆದಿದ್ದರು. ತಂಗಿ ಇದ್ದದ್ದನ್ನು ಇದ್ದಂತೆ ಇಳಿಸಿದ್ದಳು. ಅದೇ ರೂಢಿ ಪರೀಕ್ಷೆಯಲ್ಲೂ ಕೈಗೆ ಬಂದಿತ್ತು.

“ಸಾವ್ಕಾರ್ರ, ಹಣ್ಣಿನ ಜೋಡಿ ಸೂರ್ಯನ್ನೂ ಅಗ್ಗಕ್ಕ ತಂದೀರಿ,” ಎಂದರು ಮಾಸ್ತರರು. ಶಾಂತಾ ನಕ್ಕದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ತಿಂಗಳಾದ ಮೇಲೆ ಅವಳು ನಕ್ಕಿದ್ದು ಅಂದೇ. ನಾಳೆ ಸಂತೆ, ಯಾವುದಾದರೂ ತುಂಬಿದ ಬುಟ್ಟಿಯನ್ನು ಇದ್ದಲ್ಲೇ ಬರೆದು ತಾ, ನೋಡಿ ಹೇಳುತ್ತೇನೆ ಎಂದು ಅವರು ಅವಳನ್ನು ಕಳಿಸಿದರು.

ರಾತ್ರಿ ಪರಿಚಯದ ವ್ಯಾಪಾರಿಯ ಮನೆಯಲ್ಲಿ ರೊಟ್ಟಿ, ಝುಣಕ ಉಂಡು ಮಲಗಿದೆವು. ಬೆಳಿಗ್ಗೆ ಸಂತೆಯಲ್ಲಿ ಮೂಡಲಗಿ ಕಡೆಯ ಹೆಂಗಸೊಬ್ಬಳ ಬುಟ್ಟಿ ಶಾಂತಾಗೆ ಹಿಡಿಸಿತು. ಕಪ್ಪು ನೇರಳೆ ಬದನೆಕಾಯಿ, ಒಂದೊಂದರ ಮೇಲೂ ಬಿಸಿಲಿನ ಒಂದೊಂದು ಚುಕ್ಕೆ. ಬುಟ್ಟಿ ಪೂರ್ತಿ ಕೊಂಡು ನಾನೇನು ಮಾಡಲಿ? ಎರಡು ತಾಸು ಬಾಡಿಗೆಗೆ ಕೇಳಿದೆ.

“ಬಾಡಿಗಿಗೆ ಕೊಡಾಕ ಬದನೀಕಾಯಿ ಏನ್ ಸೈಕಲ್ಲೇನ್ರಿ?” ಎಂದಳು.

ನಾಲ್ಕಾಣೆಯಿಂದ ಶುರುಮಾಡಿ ಎಂಟಾಣೆಗೆ ಮುಗಿಯಿತು. ಅವಳು ಬಳೆ ಇಡಿಸಿಕೊಳ್ಳಲು ಹೋದಳು. ಶಾಂತಾ ಬರೆಯುತ್ತ ಕುಳಿತಳು, ನಾನು ಕಾಯುತ್ತ ಕುಳಿತೆ. ಗಿರಾಕಿಗಳು ಬಂದರು. ಮಾರುವುದಿಲ್ಲ ಎಂದೆ. ಜನ್ಮದಲ್ಲಿ ಆಡದ ಮಾತು. ಮಾರುವುದಿಲ್ಲ ಎಂದಷ್ಟೂ ಜನ ನೆರೆದರು. ಆಣೆಯ ಮಾಲಿಗೆ ಒಬ್ಬಾತ ಎರಡಾಣೆ ಕೊಡಲು ಬಂದ. ನನ್ನ ಕೈ ತಾನಾಗಿಯೇ ಬುಟ್ಟಿಯ ಕಡೆ ಚಾಚಿತು.

“ಅಣ್ಣಾ, ಒಂದ್ ಕಾಯಿ ಅಳ್ಳಾಡಿದ್ರ ಪೆನ್ಸಿಲ್ ಒಗದು ಹೊಕ್ಕೇನಿ,” ಎಂದಳು ಶಾಂತಾ, ತಲೆ ಎತ್ತದೆ.

ಕೈ ಹಿಂದಕ್ಕೆ ಬಂತು. ಬುಟ್ಟಿಯವಳು ಹಸಿರು ಬಳೆ ಇಡಿಸಿಕೊಂಡು ಬಂದಾಗ ಚಿತ್ರ ಮುಗಿದಿತ್ತು. ನೆರೆದ ಜನಕ್ಕೆ ಅವಳು ಎರಡಾಣೆಯ ದರದಲ್ಲೇ ಬುಟ್ಟಿ ಖಾಲಿ ಮಾಡಿದಳು. ಬಾಡಿಗೆ ವಾಪಸು ಕೇಳಿದೆ. ಕೊಡಲಿಲ್ಲ, ಎರಡು ಕಾಯಿ ಮಾತ್ರ ಕೊಟ್ಟಳು.

ಮಾಸ್ತರರು ಹೊಸ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಇದು ಮುಂಜಾನಿ ಒಂಬತ್ತರ ಬಿಸಿಲು. ಹೋಗವ್ವಾ, ಅಂಜಬ್ಯಾಡ,” ಎಂದರು. ಸಂಜೆಯ ಬಸ್ಸಿನಲ್ಲಿ ಅವಳು ಘಟಪ್ರಭಾದವರೆಗೂ ಜನರ ಮುಖದ ಮೇಲೆ ಬೆಳಕು ಬಿದ್ದ ಕಡೆಯನ್ನೇ ನೋಡುತ್ತಿದ್ದಳು. ಜೂನಿನಲ್ಲಿ ಫಲಿತಾಂಶ ಬಂತು, ಪಾಸಾದಳು.

ನಿಮ್ಮ ಮನೆಯಲ್ಲಿ ಡ್ರಾಯಿಂಗ್ ಕಲಿಯುವವರಿದ್ದರೆ ಎಂಟೂವರೆಗೆಲ್ಲ ಸಂತೆಯಲ್ಲಿರಿ. ಹನ್ನೊಂದಾದರೆ ಬಿಸಿಲು ನೆತ್ತಿಗೇರಿ ನೆರಳು ಸಿಗುವುದಿಲ್ಲ. ತೊಟ್ಟು ಹಸಿರಿರುವ ಕಾಯಿಯ ಬುಟ್ಟಿ ಆರಿಸಿ. ಬಾಡಿಗೆ ಮೊದಲೇ ಗೊತ್ತು ಮಾಡಿ. ಮತ್ತು ಬುಟ್ಟಿ ಕಾಯಲು ಯಾರನ್ನು ಬೇಕಾದರೂ ಕೂಡಿಸಿ, ವ್ಯಾಪಾರಸ್ಥನನ್ನು ಮಾತ್ರ ಕೂಡಿಸಬೇಡಿ.