ಒಂದು ಲೀಟರಿಗೆ ಕುಷ್ಟಗಿ

ನನ್ನ ಸ್ಕೂಟರಿನ ಬಗ್ಗೆ ಕಂಪನಿಯವರು ಒಂದು ಮಾತು ಹೇಳಿದ್ದರು. ಅದು ನಿಜವಾಗಿದ್ದರೆ ಒಂದು ಲೀಟರ್ ಪೆಟ್ರೋಲಿಗೆ ಯಲಬುರ್ಗಾದಿಂದ ಕುಷ್ಟಗಿಗೆ ಹೋಗಿ ತಿರುಗಿ ಮನೆ ಸೇರಬಹುದಿತ್ತು. ನನ್ನ ಗಂಡ ಆ ಮಾತನ್ನು ಪೂರ್ತಿ ನಂಬಿದರು. ನನ್ನ ಮಾತನ್ನು ಅವರು ಅಷ್ಟು ನಂಬಿದ್ದನ್ನು ನಾನು ಕಂಡಿಲ್ಲ.

ಗಾಡಿ ಕೊಂಡು ಸ್ವಲ್ಪ ದಿನಕ್ಕೇ ಅವರದು ಶುರುವಾಯಿತು: ಮೈಲೇಜ್ ಬರುತ್ತಿಲ್ಲ. ಅದೇ ವಾರ ಗಂಗಾವತಿಯಲ್ಲಿ ಅಂಗಡಿ ಇಟ್ಟಿರುವ ನನ್ನ ಮೈದುನನಿಗೂ ಒಂದು ಗಾಡಿ ಬೇಕಾಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನಂಬುವಷ್ಟು ಒಳ್ಳೆಯವಳು ನಾನಲ್ಲ.

“ಕಂಪನಿ ಹೇಳಿದಷ್ಟು ಕೊಟ್ರ ನಿನ್ನ ಕಡೇನ ಇರಲಿ. ಇಲ್ಲಂದ್ರ ತಮ್ಮಗ ಕೊಟ್ಟುಬಿಡೋಣು. ನಿನಗ ಹೆಂಗೂ ಬಸ್ ಐತಲ್ಲ,” ಎಂದರು.

ಬಸ್ ಇದೆ, ನಿಜ. ನಾನು ಕೆಲಸ ಮಾಡುವ ಪಂಚಾಯ್ತಿ ಆಫೀಸಿನ ಹಳ್ಳಿಗೆ ಅದು ಬೆಳಿಗ್ಗೆ ಹೋಗುತ್ತದೆ, ಸಂಜೆ ಮನಸ್ಸು ಬಂದರೆ ಬರುತ್ತದೆ. ವರ್ಷಗಟ್ಟಲೆ ಅದರ ದಾರಿ ಕಾಯ್ದಿದ್ದೇನೆ. ಸ್ಕೂಟರ್ ಬಂದ ಮೇಲೆ ಮೊದಲ ಸಲ ನನಗೆ ಬೇಕಾದಾಗ ಹೊರಟೆ.

ಕಂಪನಿಯ ಆ ಮಾತು ಎಲ್ಲಿಂದ ಬಂತು ಎಂದು ಮೊಬೈಲಿನಲ್ಲಿ ಓದಿದೆ. ಒಂದು ಕೋಣೆಯೊಳಗೆ ಗಾಡಿಯ ಚಕ್ರವನ್ನು ಉರುಳೆಯ ಮೇಲಿಟ್ಟು ಓಡಿಸುತ್ತಾರಂತೆ. ಗಾಡಿ ನಿಂತಲ್ಲೇ ಇರುತ್ತದೆ, ಚಕ್ರ ಮಾತ್ರ ತಿರುಗುತ್ತದೆ. ಇಷ್ಟು ಹೊತ್ತು ಇಂಥ ವೇಗ, ಇಷ್ಟು ಹೊತ್ತು ನಿಲುಗಡೆ, ಎಲ್ಲ ಮೊದಲೇ ಗೊತ್ತುಮಾಡಿದ್ದು. ಸೆಕೆಯೂ ಅಳತೆಯದು, ಭಾರವೂ ಅಳತೆಯದು. ಎಲ್ಲ ಕಂಪನಿಗಳ ಗಾಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಿಕ್ಕೆ ಅದು ಸರಿಯೇ. ಗಂಡನಿಗೆ ಓದಿ ಹೇಳಿದೆ.

“ಅದು ಅವರ ಟೆಸ್ಟು. ನಮ್ಮ ಟೆಸ್ಟು ನಾವು ಮಾಡೋಣು,” ಎಂದರು.

ನಮ್ಮ ಟೆಸ್ಟು ಊರಿಗೆಲ್ಲ ಗೊತ್ತಿರುವುದೇ. ಗ್ಯಾರೇಜಿನಲ್ಲಿ ಟ್ಯಾಂಕು ಬರಿದು ಮಾಡಿಸಿ, ನೀರಿನ ಬಾಟ್ಲಿಯಲ್ಲಿ ಅಳೆದು ಒಂದು ಲೀಟರ್ ಹಾಕಿ, ಗಾಡಿ ಪ್ರಾಣ ಬಿಡುವವರೆಗೆ ಓಡಿಸುವುದು. ನಿಂತ ಜಾಗವೇ ತೀರ್ಪು. ಓಡಿಸುವವಳು ನಾನೇ ಎಂದು ಹಟ ಹಿಡಿದೆ. ಅವರು ತಮ್ಮ ಬೈಕಿನಲ್ಲಿ ಹಿಂದೆ ಬಂದು ತೀರ್ಪು ಕೊಡುವುದೆಂದಾಯಿತು.

ಆಷಾಢದ ಒಂದು ಭಾನುವಾರ ಹೊರಡುವ ಹೊತ್ತಿಗೆ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

“ಕುಷ್ಟಗಿಗೆ ಹೊಂಟೀರಿ, ಗಾಡಿ ಖಾಲಿ ಯಾಕ ಹೋಗಬೇಕು? ನಾ ಅಕ್ಕನ್ನ ನೋಡಿ ಬರ್ತೀನಿ.”

“ಯವ್ವಾ, ಇದು ಟೆಸ್ಟ್ ಐತಿ,” ಎಂದರು ನನ್ನ ಗಂಡ.

“ಟೆಸ್ಟ್ ಐತಿ ಅಂತ ನಿಮ್ಮ ದೊಡ್ಡವ್ವನ್ನ ಮಾತಾಡಸಬಾರದೇನು?”

ನಮ್ಮಲ್ಲಿ ಗಾಡಿ ಖಾಲಿ ಹೋಗುವುದೆಂದರೆ ದಂಡ. ಮಗನ ಬೈಕಿನ ಸೀಟು ಎತ್ತರ ಎಂದು ಅತ್ತೆ ನನ್ನ ಹಿಂದೆಯೇ ಕೂತರು. ಅವರು ಒಳ್ಳೆ ಮೈಕಟ್ಟಿನ ಹೆಂಗಸು.

ಹೋಗುವಾಗ ಗಾಳಿ ಬೆನ್ನಿಗಿತ್ತು. ಆದರೆ ಅತ್ತೆ ದಾರಿಯ ಪ್ರತಿ ಹನುಮಪ್ಪನಿಗೂ ಇಳಿದು ಕೈಮುಗಿದರು. ಇಂಜಿನ್ ಬಂದ್ ಮಾಡಗೊಡಲಿಲ್ಲ. ಮತ್ತೆ ಚಾಲೂ ಮಾಡಿದರೆ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎಂಬುದು ಅವರ ಸಿದ್ಧಾಂತ. ಪರಿಚಯದವರು ಸಿಕ್ಕು, ಅವರ ಮಗಳ ಬಾಣಂತನದ ಮಾತು ಮುಗಿಯುವವರೆಗೂ ಗಾಡಿ ಗುರುಗುಟ್ಟುತ್ತಲೇ ಇತ್ತು. ಕುಷ್ಟಗಿಯಲ್ಲಿ ಅವರ ಅಕ್ಕ ಒಂದು ಚೀಲ ಸಜ್ಜೆ, ಎರಡು ಕುಂಬಳಕಾಯಿ ಕೊಟ್ಟರು. ಎಲ್ಲವೂ ನನ್ನ ಕಾಲ ಬುಡಕ್ಕೆ ಬಂದವು. ಕಂಪನಿಯ ಕೋಣೆಯಲ್ಲಿ ಅತ್ತೆಯೂ ಇರುವುದಿಲ್ಲ, ಅತ್ತೆಯ ಅಕ್ಕನೂ ಇರುವುದಿಲ್ಲ.

ತಿರುಗಿ ಬರುವಾಗ ಗಾಳಿ ಎದುರಾಯಿತು. ಹೊಲಗಳಲ್ಲಿ ಗಾಳಿಯಿಂದ ಕರೆಂಟ್ ಮಾಡುವ ದೊಡ್ಡ ಫ್ಯಾನುಗಳು ಖುಷಿಯಿಂದ ತಿರುಗುತ್ತಿದ್ದವು. ಯಲಬುರ್ಗಾ ಇನ್ನೂ ಸಾಕಷ್ಟು ದೂರವಿರುವಾಗಲೇ ಗಾಡಿ ಕೆಮ್ಮಿತು, ನಿಂತಿತು.

ಗಂಡ ಬೈಕ್ ನಿಲ್ಲಿಸಿದರು. ಗೆದ್ದ ಮುಖವನ್ನು ಮರೆಮಾಚಲು ನೋಡಿದರು, ಆಗಲಿಲ್ಲ.

“ನೋಡವ್ವಾ, ಕಂಪನಿ ಹೇಳಿದ್ದೆಲ್ಲಿ, ಇದು ನಿಂತಿದ್ದೆಲ್ಲಿ. ಗಂಗಾವತಿಗೆ ಕಳಸೂದ ಛಲೋ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನಗೆ ಅಳುವೇ ಬಂತು. ಕಣ್ಣಿಗೆ ಧೂಳು ಬಿತ್ತು ಎಂದು ಸೆರಗಿನಿಂದ ಒರೆಸಿಕೊಂಡೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಮಗನನ್ನು ಕರೆದರು.

“ಲೇ, ಈಕಿನ್ನ ನೋಡಾಕ ಹೋದಾಗ ನಿನ್ನ ಬಗ್ಗೆ ನಾವು ಏನೇನು ಹೇಳಿದ್ವಿ, ನೆನಪೈತಿ? ಹುಡುಗ ನಸುಕಿನ್ಯಾಗ ಏಳ್ತಾನ, ಸಿಟ್ಟು ಅಂದ್ರ ಗೊತ್ತಿಲ್ಲ, ಮನಿ ಕೆಲಸಕ್ಕ ಕೈ ಹಚ್ಚತಾನ ಅಂದಿದ್ವಿ.”

ಗಂಡ ಫ್ಯಾನುಗಳ ಕಡೆ ನೋಡಿದರು.

“ಅದರಾಗ ಅರ್ಧಾನೂ ಕೊಟ್ಟಿಲ್ಲ ನೀ. ಆಕಿ ನಿನ್ನ ಯಾರಿಗರೆ ಕೊಟ್ಟು ಬಸ್ ಹತ್ತ್ಯಾಳೇನು?”

ಅವರು ತಮ್ಮ ಬೈಕಿನ ಪೈಪು ಬಿಚ್ಚಿ, ಅದೇ ಬಾಟ್ಲಿಗೆ ಪೆಟ್ರೋಲ್ ಇಳಿಸಿ ನನ್ನ ಗಾಡಿಗೆ ಹಾಕಿದರು. ಸಜ್ಜೆ ಚೀಲವನ್ನೂ ಕುಂಬಳಕಾಯಿಗಳನ್ನೂ ತಮ್ಮ ಬೈಕಿಗೆ ಕಟ್ಟಿಕೊಂಡರು. ಈ ಸಲ ಬಾಟ್ಲಿಯ ಅಳತೆ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಹಳ್ಳಿಯ ಬಸ್ ಬಂದು ಹೋಯಿತಂತೆ. ನಾನು ಇನ್ನೊಂದು ಕಪ್ ಚಹಾ ಕುಡಿದು ಹೊರಟೆ.