ಪರಂಗಿ ಶಾಂತವ್ವ

ಕಳೆದ ವಾರ ನನ್ನ ಹೆಂಡತಿ ಅಡಿಗೆಮನೆಯಲ್ಲಿ ಒಂದು ಪೊಟ್ಟಣ ಬಿಚ್ಚಿದಳು. ಗೋವೆಗೆ ಹೋಗಿಬಂದ ಪಕ್ಕದ ಮನೆಯವರು ಕೊಟ್ಟ ಕೋಕಂ ಸಿಪ್ಪೆ. ಕಪ್ಪಗೆ, ಮೆತ್ತಗೆ, ಉಪ್ಪು ಹತ್ತಿದ್ದು. ಪಡಸಾಲೆಯಲ್ಲಿ ಪೇಪರು ಹಿಡಿದು ತೂಕಡಿಸುತ್ತಿದ್ದ ನನ್ನ ಮೂಗಿಗೆ ಆ ಹುಳಿವಾಸನೆ ತಾಗಿದ್ದೇ ತಡ, ನಾನು ಬೈಲಹೊಂಗಲದ ನನ್ನ ಅಜ್ಜಿಯ ಒಲೆಯ ಮುಂದೆ ಕೂತಿದ್ದೆ. ನಮ್ಮ ಕಡೆ ಸಾರಿಗೆ ಹುಣಸೆಹಣ್ಣು ಬಿಟ್ಟರೆ ಬೇರೆ ಹುಳಿ ಬೀಳುವುದಿಲ್ಲ. ಇಡೀ ಓಣಿಯಲ್ಲಿ ಕೋಕಂ ಹಾಕುತ್ತಿದ್ದವಳು ಅಜ್ಜಿ ಒಬ್ಬಳೇ. “ಗಂಗವ್ವನ ಮನ್ಯಾಗ ಪರಂಗಿ ಸಾರು” ಎಂದು ಹೆಂಗಸರು ನಗುತ್ತಿದ್ದರು. ನಕ್ಕು, ಬಟ್ಟಲು ಹಿಡಿದು ಬರುತ್ತಿದ್ದರು.

ವಾಸನೆಗೆ ಒಂದು ಚಾಳಿ ಇದೆ, ನೀವೂ ಗಮನಿಸಿರಬೇಕು. ಕರೆದವರ ಹಿಂದೆ ಕರೆಯದವರನ್ನೂ ಕಟ್ಟಿಕೊಂಡು ಬರುತ್ತದೆ. ಅಜ್ಜಿಯ ಬೆನ್ನಿಗೇ ನನ್ನ ಚಿಗವ್ವ ಶಾಂತವ್ವ ಬಂದು ನಿಂತಳು. ನನ್ನ ತಾಯಿಯ ತಂಗಿ. ಪರಂಗಿ, ಅಂದರೆ ಪರದೇಶದವರು, ಎಂಬ ಮಾತು ಸಾರಿಗಿಂತ ಹೆಚ್ಚು ಅಂಟಿಕೊಂಡದ್ದು ಆಕೆಗೇ.

ಅದಕ್ಕೆ ಕಾರಣ ನನ್ನ ಅಜ್ಜ. ಬೈಲಹೊಂಗಲದ ಪೇಟೆಯಿಂದ ಮೆಣಸಿನಕಾಯಿ, ಉಳ್ಳಾಗಡ್ಡಿ ಒಯ್ದು ಗೋವೆಯ ಮಾಪುಸಾದಲ್ಲಿ ಮಾರುತ್ತಿದ್ದ. ಆಗ ಗೋವೆ ಪೋರ್ಚುಗೀಜರ ಕೈಯಲ್ಲಿತ್ತು. ದೊಡ್ಡ ಮಗಳನ್ನು, ಅಂದರೆ ನನ್ನ ಅವ್ವನನ್ನು, ಊರಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಅಜ್ಜ ಅಜ್ಜಿ ಕೆಲವು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದರು. ಶಾಂತವ್ವ ಹುಟ್ಟಿದ್ದು ಆ ವರ್ಷಗಳಲ್ಲಿ. ಅಜ್ಜ ಆಕೆಯನ್ನು ಎತ್ತಿ ಆಡಿಸುವಾಗೆಲ್ಲ “ನನ್ನ ಪರಂಗಿ ಮಗಳು” ಅನ್ನುತ್ತಿದ್ದನಂತೆ. ಸಾಲಿಗೆ ಹಾಕುವಾಗ ಮಾಸ್ತರರು ಹುಟ್ಟಿದೂರು ಕೇಳಿದರೆ ಗೋವಾ ಎಂದೇ ಬರೆಸಿದ. ಸವದತ್ತಿಯಿಂದ ಸಿರಸಂಗಿಯ ಕಡೆ ಹೋಗುವ ದಾರಿಯ ಒಂದು ಊರಿಗೆ ಆಕೆಯನ್ನು ಮದುವೆ ಮಾಡಿ ಕೊಟ್ಟರು. ಆ ಓಣಿಯಲ್ಲಿ ಮೊದಲೇ ಇನ್ನೊಬ್ಬ ಶಾಂತವ್ವ ಇದ್ದುದರಿಂದ, ಗುರುತಿಗೆ ಬೇಕೆಂದು ಇವಳು ಪರಂಗಿ ಶಾಂತವ್ವ ಆದಳು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಬಾಯಿ ತೆರೆದರೆ ಹೊಲದಾಚೆಗೆ ಕೇಳುವ ದನಿ. ಪರಂಗಿತನ ಎಲ್ಲಿಯೂ ಕಾಣುತ್ತಿರಲಿಲ್ಲ. ಹೆಸರಿನಿಂದ ಯಾರಿಗೂ ತೊಂದರೆಯೂ ಆಗಿರಲಿಲ್ಲ.

ತೊಂದರೆ ಆದದ್ದು ಎರಡು ಸಾವಿರದ ಇಸವಿಯ ಸುಮಾರಿಗೆ, ಗ್ರಾಮ ಪಂಚಾಯತಿಗೆ ಚುನಾವಣೆ ಬಂದಾಗ. ಪರದೇಶದಲ್ಲಿ ಹುಟ್ಟಿದವರು ಇಲ್ಲಿ ಅಧಿಕಾರಕ್ಕೆ ನಿಲ್ಲಬಹುದೇ ಎಂದು ಆ ಕಾಲದಲ್ಲಿ ಪೇಪರುಗಳಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಆ ವಿಷಯದಲ್ಲಿ ಪಾಂಡಿತ್ಯ ಬಂದುಬಿಟ್ಟಿತ್ತು. ಚಿಗವ್ವನ ಓಣಿಯ ಜಾಗ ಹೆಂಗಸರಿಗೆ ಮೀಸಲಾಯಿತು. ನಳಕ್ಕೆ ನೀರು ಬರದಿದ್ದಾಗಲೆಲ್ಲ ಪಂಚಾಯತಿಯ ಬಾಗಿಲಲ್ಲಿ ಕೂಗಾಡಿ ಬರುತ್ತಿದ್ದವಳು ಇವಳೇ ಆದ್ದರಿಂದ ಹೆಂಗಸರು ಇವಳನ್ನೇ ನಿಲ್ಲಿಸಿದರು. ಎದುರಿಗೆ ನಿಂತವಳು ಪಕ್ಕದ ಮನೆಯ ನೀಲವ್ವ. ಇಬ್ಬರ ಹಿತ್ತಲಿಗೂ ಒಂದೇ ಗೋಡೆ. ಉಪ್ಪು, ಬೆಂಕಿ, ಮಕ್ಕಳ ಸುದ್ದಿ ಎಲ್ಲ ಅದರ ಮೇಲಿಂದಲೇ ಹಾಯುತ್ತಿದ್ದವು. ನೀಲವ್ವನಿಗೆ ನಿಲ್ಲುವ ಹುಕಿ ಇರಲಿಲ್ಲ, ಆಕೆಯ ಗಂಡ ರುದ್ರಪ್ಪನಿಗೆ ಇತ್ತು.

ನಾಮಪತ್ರ ಪರಿಶೀಲನೆಯ ದಿನ ರುದ್ರಪ್ಪ ಎದ್ದು ನಿಂತು ತಕರಾರು ತೆಗೆದ. “ಸಾಹೇಬ್ರ, ಈಕಿ ಹುಟ್ಟಿದ್ದು ಪೋರ್ಚುಗೀಜರ ರಾಜ್ಯದಾಗ. ಸಾಲಿ ದಾಖಲ್ಯಾಗ ಐತಿ. ಊರೆಲ್ಲ ಪರಂಗಿ ಅಂತ ಕರೀತೈತಿ. ಪರದೇಶದಾಕಿ ನಮ್ಮ ಪಂಚಾಯತಿಗೆ ಹೆಂಗ ನಿಲ್ಲತಾಳ್ರಿ?” ಚುನಾವಣಾಧಿಕಾರಿ ಬೇರೆ ತಾಲೂಕಿನಿಂದ ಬಂದ ಮೌನಿ ಮನುಷ್ಯ. ಉತ್ತರ ಕೊಡಲು ಮರುದಿನ ಬೆಳಗಿನವರೆಗೆ ವೇಳೆ ಕೊಟ್ಟ.

ಚಿಗವ್ವನ ಗಂಡ ಮಲ್ಲಪ್ಪ ಕಾಕಾ ಸಿಕ್ಕ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದ. ನಾನು ಆಗಷ್ಟೇ ಕರೀಕೋಟು ಹಾಕಿದ್ದ ಎಳೆಯ ವಕೀಲ. ಇಡೀ ಬಂಧುಬಳಗಕ್ಕೆ ನಾನೊಬ್ಬನೇ ವಕೀಲ, ನನಗೆ ಆಗ ಒಬ್ಬ ಕಕ್ಷಿದಾರನೂ ಇರಲಿಲ್ಲ. ನನ್ನ ಹಿರಿಯ ವಕೀಲರನ್ನು ಕೇಳಿದೆ. “ಪೌರತ್ವ ಹುಟ್ಟಿದ ನೆಲದಿಂದಲೂ ಬರ್ತದ, ತಂದಿ ತಾಯಿಯಿಂದಲೂ ಬರ್ತದ. ಅಂಜೂದು ಏನಿಲ್ಲ ಹೋಗು” ಎಂದು ಅವರು ಕೈ ಬೀಸಿದರು. ನಾನು ಮಾತ್ರ ದಪ್ಪ ಪುಸ್ತಕವೊಂದನ್ನು ಬಗಲಲ್ಲಿ ಇಟ್ಟುಕೊಂಡೆ, ಅದಿಲ್ಲದೆ ವಕೀಲನಂತೆ ಕಾಣುವುದಿಲ್ಲವೆಂದು. ಅಜ್ಜ ತೀರಿಹೋಗಿದ್ದ. ಹುಟ್ಟಿನ ಸಂಗತಿ ಬಲ್ಲವಳು ಅಜ್ಜಿ ಒಬ್ಬಳೇ. ಆಕೆಯನ್ನೂ ಕರೆದುಕೊಂಡು ಹೊರಟೆವು. ಬಸ್ಸಿನಲ್ಲಿ ಅಜ್ಜಿ ದಾರಿಯುದ್ದಕ್ಕೂ ಸೆರಗಿನ ಗಂಟು ಬಿಚ್ಚಿ ಕಟ್ಟುತ್ತ ಕೂತಿದ್ದಳು.

ಸಂಜೆಯ ಹೊತ್ತಿಗೆ ಊರು ಮುಟ್ಟಿದೆವು. ಚಿಗವ್ವ ಒಲೆಯ ಮುಂದೆ ಕೂತಿದ್ದಳು. ಪರಾತದಲ್ಲಿ ಹಿಟ್ಟು ಹಾಗೇ ಇತ್ತು. ಅಷ್ಟು ದೊಡ್ಡ ದನಿಯವಳು ಸಣ್ಣಗೆ ಕೇಳಿದಳು:

“ತಮ್ಮಾ, ಖರೇ ಹೇಳು. ನನ್ನ ಹೊರಗ ಹಾಕ್ತಾರೇನು?”

ನಾನು ಗಂಟಲು ಸರಿಮಾಡಿಕೊಂಡೆ. ಜನನ, ವಂಶ, ಎರಡು ದಾರಿ ಎಂದು ಕೋರ್ಟಿನಲ್ಲಿ ವಾದಿಸುವ ಧಾಟಿಯಲ್ಲಿ ವಿವರಿಸಿದೆ. ಆಕೆ ಪೂರ್ತಿ ಕೇಳಿದಳು.

“ಎರಡರಾಗ ಒಂದು ತಪ್ಪಿದ್ರ ಅರ್ಧ ಇಲ್ಲಿದಾಕಿ, ಅರ್ಧ ಅಲ್ಲಿದಾಕಿ ಆಗತೇನೇನು?”

ನಾನು ಪುಸ್ತಕದ ಹಾಳೆ ತಿರುವತೊಡಗಿದೆ. ಆಕೆಯ ಭಯ ಚುನಾವಣೆಯದಾಗಿರಲಿಲ್ಲ. ದೊಡ್ಡ ಮಗಳಿಗೆ ರಾಮದುರ್ಗದ ಕಡೆಯ ಹುಡುಗ ನಿಶ್ಚಯವಾಗಿದ್ದ. “ಪಂಚಾಯತಿ ಹಾಳಾಗಿ ಹೋಗಲಿ. ಬೀಗರ ಕಿವಿಗೆ ಬಿದ್ರ? ಪರದೇಶದಾಕಿ ಮಗಳು ನಮಗ ಬ್ಯಾಡ ಅಂದ್ರ?” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಹಿತ್ತಲ ಗೋಡೆಯ ಆಚೆ ನೀಲವ್ವ ಬಂದು ನಿಂತದ್ದು ಕಂಡಿತು. ಏನೋ ಹೇಳಬೇಕೆಂದು ಬಂದವಳು. ಚಿಗವ್ವ ಬೆನ್ನು ತಿರುಗಿಸಿದಳು. ಸ್ವಲ್ಪ ಹೊತ್ತು ಕಾದು ಆಕೆ ಹೋದಳು.

ಆಗ ಮಾತಾಡಿದವನು ಚಿಗವ್ವನ ಮಾವ, ಬಸಪ್ಪಜ್ಜ. ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿರುತ್ತಿದ್ದ, ಕಣ್ಣು ಮಂಜಾಗಿದ್ದ ಮುದುಕ. ಮಾವ ಏನನ್ನುತ್ತಾನೋ ಎಂಬ ಅಂಜಿಕೆಯಿಂದಲೇ ಚಿಗವ್ವ ಮುಂಜಾನೆಯಿಂದ ಅವನ ಎದುರಿಗೆ ಹೋಗಿರಲಿಲ್ಲ.

“ಶಾಂತಾ, ನಾ ಹುಟ್ಟಿದ್ದು ತೊರಗಲ್ಲದಾಗ. ಅದು ಆಗ ಕೊಲ್ಲಾಪುರ ಮಹಾರಾಜರ ಸೀಮಿ. ನಿಮ್ಮತ್ತಿ ತವರು ರಾಮದುರ್ಗ ಸಂಸ್ಥಾನದಾಗ. ಅಲ್ಲಿ ಬ್ಯಾರೆ ರಾಜಾ. ಈ ಹೊಲ ಮನಿ ಇಂಗ್ರೇಜರ ಸೀಮ್ಯಾಗ. ಮುಂಜಾನೆ ಒಂದು ರಾಜ್ಯದಾಗ ಎತ್ತು ಕೊಳ್ಳತಿದ್ದೆ, ಮಧ್ಯಾಹ್ನ ಇನ್ನೊಂದು ರಾಜ್ಯದಾಗ ಅತ್ತಿ ಮನ್ಯಾಗ ಉಣತಿದ್ದೆ, ಹೊತ್ತು ಮುಳುಗೂದ್ರಾಗ ಮೂರನೇ ರಾಜ್ಯಕ್ಕ ಬಂದು ಮಲಗತಿದ್ದೆ. ಎತ್ತಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ನನ್ನ ಯಾವ ದೇಶಕ್ಕ ಕಳಸ್ತಾರ ಕೇಳು ಆ ರುದ್ರಪ್ಪಗ.” ಆಮೇಲೆ, “ಈ ಮನಿಗೆ ಬಂದು ಇಷ್ಟು ವರ್ಷ ಆತು. ಎದ್ದು ರೊಟ್ಟಿ ಮಾಡವಾ, ಹಸದೇನಿ” ಎಂದ.

ಚಿಗವ್ವ ಎದ್ದು ಹಿಟ್ಟಿಗೆ ನೀರು ಹಾಕಿದಳು. ಆಕೆ ರೊಟ್ಟಿ ಬಡಿಯುವ ಸಪ್ಪಳ ಅಂದು ಎಂದಿಗಿಂತ ಜೋರಾಗಿತ್ತು. ನನ್ನ ಪುಸ್ತಕ ಮಾಡದ ಕೆಲಸವನ್ನು ಮುದುಕನ ಹಸಿವು ಮಾಡಿತ್ತು.

ಮರುದಿನ ಪಂಚಾಯತಿ ಕಚೇರಿಯ ಮುಂದೆ ಜಾತ್ರೆಯಷ್ಟು ಜನ. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಅಧಿಕಾರಿ, “ವಕೀಲ್ರ, ಸ್ವಲ್ಪ ಕುಂದರ್ರಿ. ಮೊದಲು ಅವ್ವಾರು ಹೇಳಲಿ” ಎಂದು ಅಜ್ಜಿಯ ಕಡೆ ತಿರುಗಿದ. ನಾನು ಕೂತೆ. ಆ ಕಾಲದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ.

“ಈ ಮಗಳನ್ನ ಎಲ್ಲಿ ಹಡದ್ರಿ?”

“ದಾರ್ಯಾಗ ಹಡದೇನ್ರಿ” ಎಂದಳು ಅಜ್ಜಿ.

ಚಿಗವ್ವ ತಿರುಗಿ ತಾಯಿಯ ಮುಖ ನೋಡಿದಳು. ನಾವು ಯಾರೂ ಈ ಮಾತು ಕೇಳಿರಲಿಲ್ಲ.

ಬಾಣಂತನಕ್ಕೆಂದು ಬೈಲಹೊಂಗಲಕ್ಕೆ ಬರುತ್ತಿದ್ದರಂತೆ ಅಜ್ಜ ಅಜ್ಜಿ, ಒಂದು ಲಾರಿಯಲ್ಲಿ. ದಿನ ಇನ್ನೂ ಇದ್ದವು. ಪೋರ್ಚುಗೀಜರ ನಾಕಾದಲ್ಲಿ ಪೊಲೀಸರು ಗಂಟುಮೂಟೆ ತಪಾಸಣೆ ಮಾಡಿ ಬಿಟ್ಟರು. ಮುಂದೆ ಘಟ್ಟ, ಅಡವಿ. ಲಾರಿಯ ಕುಲುಕಾಟಕ್ಕೆ ಹೆರಿಗೆ ಬ್ಯಾನಿ ಎದ್ದಿತು. ಡ್ರೈವರನೂ ಅಜ್ಜನೂ ಲಾರಿಯ ಆಚೆ ಮಗ್ಗುಲಿಗೆ ಹೋಗಿ ನಿಂತರು. ಹುಲ್ಲು ಕೊಯ್ಯಲು ಬಂದಿದ್ದ ಒಬ್ಬ ಹೆಂಗಸು ಕೂಗು ಕೇಳಿ ಓಡಿಬಂದಳು. ಆಕೆಯ ಮಾತು ಅಜ್ಜಿಗೆ ತಿಳಿಯಲಿಲ್ಲ, ಅಜ್ಜಿಯ ಮಾತು ಆಕೆಗೆ ತಿಳಿಯಲಿಲ್ಲ. ಆಕೆಯ ಕೈಯಲ್ಲೇ ಕೂಸು ಬಂತು. ಅಜ್ಜಿ ಹೇಳಿದಳು:

“ಆಮ್ಯಾಲೆ ನಮ್ಮ ನಾಕಾ ಬಂತ್ರಿ. ಪೊಲೀಸ ಇಣಿಕಿ ನೋಡಿ ಎಷ್ಟು ಮಂದಿ ಅಂದ. ನಮ್ಮ ಮನಿಯವರು, ಅಲ್ಲಿ ಇಬ್ಬರು ಅಂತ ಬರಸಿ ಬಂದೇವಿ, ಇಲ್ಲಿ ಮೂರು ಬರಕೋರಿ ಸಾಹೇಬ್ರ ಅಂದ್ರು.”

ಜನ ಗೊಳ್ಳೆಂದು ನಕ್ಕರು. ರುದ್ರಪ್ಪ ಬಿಡಲಿಲ್ಲ. “ಅದೆಲ್ಲಾ ಖರೇ ಬೇ. ಎರಡು ನಾಕಾದ ನಡುವ ಗಡಿ ಎಲ್ಲಿತ್ತು? ಗಡಿ ದಾಟಿ ಹಡದಿಯೋ, ದಾಟೂಕಿಂತ ಮೊದಲೋ?”

“ಎಪ್ಪಾ, ಬ್ಯಾನಿ ತಿನ್ನೂ ಹೊತ್ತಿನ್ಯಾಗ ಗಡಿಕಲ್ಲು ಹುಡುಕಲೇನು ನಾ?”

ಈ ಸಲ ರುದ್ರಪ್ಪನ ಕಡೆಯವರೂ ನಕ್ಕರು. ನಗದವನು ಅಧಿಕಾರಿ ಮಾತ್ರ. “ಮತ್ತ ಸಾಲ್ಯಾಗ ಗೋವಾ ಅಂತ ಯಾಕ ಬರಸಿದ್ರಿ?” ಎಂದು ಕೇಳಿದ.

ಅಜ್ಜಿ ತಲೆ ತಗ್ಗಿಸಿದಳು. “ದಾರ್ಯಾಗ ಹುಟ್ಟಿದ ಹುಡುಗಿ ಅಂದ್ರ ಮಂದಿ ಏನಂತಿದ್ರು ರೀ? ನಾಳೆ ಲಗ್ನಕ್ಕ ಕೇಳಾಕ ಬಂದವರು ಏನಂತಿದ್ರು? ಅದಕ್ಕ ನಾವಿಬ್ಬರೂ ಗೋವಾ ಅಂತ ಹೇಳೂದು ಅಂತ ಮಾತಾಡಿಕೊಂಡ್ವಿ. ಅವರು ಸಾಯೂತನಾ ಹೇಳಲಿಲ್ಲ. ನಾನೂ ಹೇಳಲಿಲ್ಲ.”

ಅಧಿಕಾರಿ ಪೆನ್ನಿನ ಟೊಪ್ಪಿಗೆ ಹಾಕಿ ಮಾತಾಡಿದ. ಗಡಿಯ ಈಚೆ ಹುಟ್ಟಿದ್ದರೆ ಈಕೆ ನೆಲದಿಂದ ಈ ದೇಶದವಳು. ಆಚೆ ಹುಟ್ಟಿದ್ದರೂ ತಂದೆ ತಾಯಿ ಬೈಲಹೊಂಗಲದವರು. ಮುಂದೆ ಗೋವೆಯೇ ನಮ್ಮ ದೇಶಕ್ಕೆ ಸೇರಿತು, ಅಲ್ಲಿ ಹುಟ್ಟಿದವರೂ ನಮ್ಮವರಾದರು. ಮತದಾರರ ಯಾದಿಯಲ್ಲಿ ಹೆಸರಿದೆ. “ಯಾವ ಕಡೆಯಿಂದ ನೋಡಿದ್ರೂ ಈ ತಾಯಿ ಇಲ್ಲಿಯವರು. ನಾಮಪತ್ರ ಸಿಂಧು.”

ಚಿಗವ್ವ ದೊಡ್ಡದಾಗಿ ಉಸಿರು ಬಿಟ್ಟಳು. ನಿನ್ನೆಯಿಂದ ಹಿಡಿದಿಟ್ಟ ಉಸಿರು ಅದು. ತಾಯಿಯ ಹತ್ತಿರ ಬಂದು, “ಯವ್ವಾ, ಇಷ್ಟು ದಿವಸ ನನಗರೆ ಯಾಕ ಹೇಳಲಿಲ್ಲ?” ಎಂದಳು.

“ಹೇಳಿದ್ರ ನೀ ಊರಿಗೆಲ್ಲಾ ಕೇಳೂಹಂಗ ಹೇಳತಿದ್ದಿ” ಎಂದಳು ಅಜ್ಜಿ. ಅದು ಮಾತ್ರ ನಿಜ. ತಾಯಿ ಮಗಳು ಇಬ್ಬರೂ ಅಳುತ್ತ ನಗತೊಡಗಿದರು.

ಹೊರಗೆ ನೀಲವ್ವ ಕಾಯುತ್ತಿದ್ದಳು. ಎಲ್ಲರೆದುರಿಗೆ ಗಂಡನನ್ನು ತರಾಟೆಗೆ ತೆಗೆದುಕೊಂಡಳು. “ನನ್ನ ಗೆಲ್ಲಸಾಕ ಈಕಿನ್ನ ಪರದೇಶಕ್ಕ ಕಳಸಾಂವ ಇದ್ದೇನು? ಆಮ್ಯಾಲೆ ನನ್ನ ಕೂಡ ಮಾತಾಡವರು ಯಾರು, ನೀನು?” ರುದ್ರಪ್ಪ ರುಮಾಲು ಕೊಡವಿಕೊಂಡು ಬೇರೆ ದಾರಿ ಹಿಡಿದ. ಚಿಗವ್ವ ಮೊದಲು ಮುಖ ಬಿಗಿದುಕೊಂಡೇ ಇದ್ದಳು. ಆಮೇಲೆ, “ನಿನ್ನಿ ಗ್ವಾಡಿ ಮ್ಯಾಲಿಂದ ಏನು ಹೇಳಾಕ ಬಂದಿದ್ದಿ?” ಎಂದು ಕೇಳಿದಳು. “ಇದನ್ನ” ಎಂದಳು ನೀಲವ್ವ. ಇಬ್ಬರೂ ಕೂಡಿಯೇ ಮನೆಗೆ ನಡೆದರು.

ಚುನಾವಣೆಯಲ್ಲಿ ಗೆದ್ದದ್ದು ನೀಲವ್ವ. ಸಮಾಧಾನ ಹೇಳಬೇಕೆಂದು ಹೋದ ನನಗೆ ಚಿಗವ್ವ ನಗುತ್ತ ಅಂದಳು: “ಸೋತೆ ಅಂದ್ರ ನಿಂತಿದ್ದೆ ಅಂತ ಆತಲ್ಲ ತಮ್ಮಾ. ಅಷ್ಟು ಸಾಕು.” ಪಂಚಾಯತಿಯ ಸಭೆಗೆ ನೀಲವ್ವ ಹೋಗುವಾಗ ಇವಳೂ ಹೋಗುತ್ತಿದ್ದಳು. ಒಳಗೆ ನೀಲವ್ವ, ಬಾಗಿಲಲ್ಲಿ ಇವಳು. ನಳದ ವಿಷಯ ಬಂದರೆ ದನಿ ಬಾಗಿಲಿನಿಂದಲೇ ಹೊರಡುತ್ತಿತ್ತು. ರಾಮದುರ್ಗದ ಬೀಗರ ಕಿವಿಗೆ ಸುದ್ದಿ ಬಿದ್ದಿತ್ತು, ನಿಜ. ಅವರು ಕೇಳಿದ್ದು ಒಂದೇ: ಲಾರಿ ಹತ್ತಿರ ಓಡಿಬಂದ ಆ ಹೆಂಗಸಿನ ಹೆಸರೇನು ಎಂದು. ಅದು ಅಜ್ಜಿಗೂ ಗೊತ್ತಿರಲಿಲ್ಲ. ಮದುವೆ ಚೆಂದಾಗಿ ಆಯಿತು.

ಮುಂದೆ ನನ್ನ ವಕೀಲಿಯಲ್ಲಿ ಗಡಿಯ ಜಗಳಗಳೇ ಹೆಚ್ಚಾಗಿ ಬಂದವು. ಹೊಲದ ಗಡಿ, ಹಿತ್ತಲ ಗಡಿ. ಕಕ್ಷಿದಾರರು ಕಲ್ಲು ಎಲ್ಲಿತ್ತು ಎಂದು ಕೂಗಾಡುವಾಗ ಅಜ್ಜಿಯ ಪ್ರಶ್ನೆ ನೆನಪಾಗಿ ನಗು ಬರುತ್ತಿತ್ತು. ನಗುವ ವಕೀಲನ ಹತ್ತಿರ ಜನ ಎರಡನೆಯ ಸಲ ಬರುವುದು ಕಡಿಮೆ. ಅದೂ ಒಂದು ಕಥೆಯೇ, ಇರಲಿ.

ಅಜ್ಜಿ ಈಗಿಲ್ಲ, ಬಸಪ್ಪಜ್ಜನೂ ಇಲ್ಲ. ಇದನ್ನು ಬರೆಯಲು ಕೂತಾಗ ನನಗೊಂದು ಅನುಮಾನ ಬಂತು. ಆ ಘಟ್ಟದ ದಾರಿಯಲ್ಲಿ ಈಗ ದಿನಕ್ಕೆ ಎಷ್ಟೋ ಬಸ್ಸು ಓಡಾಡುತ್ತವೆ. ಚಿಗವ್ವ ಒಮ್ಮೆಯಾದರೂ ಹೋಗಿ ಆ ಜಾಗ ನೋಡಿಬಂದಳೇ? ಈಚೆಗೋ ಆಚೆಗೋ ಎಂದು ತಿಳಿದುಕೊಳ್ಳುವ ಆಸೆ ಆಕೆಗೆ ಆಗಲೇ ಇಲ್ಲವೇ? ಫೋನು ಹಚ್ಚಿದೆ. ಎಪ್ಪತ್ತರ ಮೇಲಾದರೂ ದನಿ ಇಳಿದಿಲ್ಲ. ಹಿಂದೆ ಬಸ್ಸಿನ ಹಾರನ್ನು, ಕಂಡಕ್ಟರನ ಕೂಗು. ನನ್ನ ಪ್ರಶ್ನೆಯನ್ನು ಆಕೆ ಎರಡು ಸಲ ಹೇಳಿಸಿಕೊಂಡಳು.

“ಎಲ್ಲಿ ಹುಟ್ಟಿದೆ ಅನ್ನೂದು ಇರಲಿ ತಮ್ಮಾ, ಈಗ ಎಲ್ಲಿ ಅದೇನಿ ಅನ್ನೂದು ಕೇಳು” ಎಂದಳು. “ನಿಮ್ಮೂರ ಬಸ್‌ಸ್ಟ್ಯಾಂಡನ್ಯಾಗ ನಿಂತೇನಿ. ನಾಲ್ಕು ದಿನ ಇರಾಕ ಬಂದೇನಿ. ಗಂಟು ಜಡ ಅದ, ಲಗೂನ ಬಾ.”