ಅಣ್ಣ ಹುಷಾರ್ ಎನ್ನದ ದಿನಗಳು

ಶಹಾಬಾದಿನ ಕಲ್ಲಿನ ಖಣಿಯಲ್ಲಿ ಮದ್ದಿನ ಬತ್ತಿ ಹಚ್ಚುವುದು ನಮ್ಮಣ್ಣನ ಕೆಲಸ. ಹಚ್ಚುವ ಮುಂಚೆ ಅವನು “ಹುಷಾರ್!” ಎಂದು ಕೂಗಿದರೆ ಎಲ್ಲರೂ ದೂರ ಓಡುತ್ತಿದ್ದರು. ಒಂದು ದಿನ ಕೂಗಿದರೂ ಅವನ ಜೊತೆಗಾರನಿಗೆ ಓಡಲಾಗಲಿಲ್ಲ. ಆ ಸಾವಿನ ಮೇಲೆ ಅಣ್ಣ ಊಟ ಬಿಟ್ಟ, ನಿದ್ದೆ ಬಿಟ್ಟ, ತಾನೂ ಸಾಯುವ ಮಾತಾಡತೊಡಗಿದ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ಅವನನ್ನು ವಾಡಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿನ ಮನೋರೋಗದ ಡಾಕ್ಟರ ಹತ್ತಿರ ಕರೆದೊಯ್ದೆ.

“ಡಾಕ್ಟರ್ ಏನ್ ಮಾಡಿದರೋ?” ಮರಳಿದಾಗ ಓಣಿಯವರು ಕೇಳಿದರು.

“ಒಂದು ತಾಸು ನನ್ನ ಮಾತು ಕೇಳ್ಯಾರ್ರಿ. ಹಡದಾಕಿ ಸೈತ ಅಷ್ಟೊತ್ತು ಕೇಳಿಲ್ಲ!” ಎಂದ ಅಣ್ಣ.

ಓಣಿ ನಕ್ಕಿತು. ಅವ್ವ ನಗಲಿಲ್ಲ.

ಮನಸ್ಸು ಕೆಡುವ ಸುಳಿವು ಸಿಕ್ಕೊಡನೆ ಮನೆಯವರಿಗೆ ಹೇಳಬೇಕೆಂದು ಡಾಕ್ಟರು ಹೇಳಿದ್ದರು. ಅಣ್ಣ ಅದಕ್ಕೆ ಖಣಿಯ ಕೂಗನ್ನೇ ಇಟ್ಟುಕೊಂಡ. ರೊಟ್ಟಿ ಮುರಿಯುತ್ತಿದ್ದವನು ಒಮ್ಮೆಲೇ, “ಹುಷಾರ್! ತಲ್ಯಾಗ ಬತ್ತಿ ಹತ್ತೇದ!” ಎನ್ನುತ್ತಿದ್ದ.

“ಗಟ್ಟಿ ಕಲ್ಲದ, ಒಡಿಯಂಗಿಲ್ಲ ತಗೋ” ಎಂದು ತಂಗಿ ನಗುತ್ತಿದ್ದಳು. ಖಣಿಯಲ್ಲಿ ಆ ಕೂಗಿಗೆ ಜನ ಓಡುತ್ತಿದ್ದರು, ಮನೆಯಲ್ಲಿ ನಾವು ಅವನ ಹತ್ತಿರ ಸರಿದು ಕೂರುತ್ತಿದ್ದೆವು.

ಅಷ್ಟರಲ್ಲಿ ಸೇಡಂನಿಂದ ತಂಗಿಗೆ ಸಂಬಂಧ ಬಂತು. ಅವ್ವ ಅಣ್ಣನ ಕೈ ಹಿಡಿದಳು. “ಬೀಗರ ಕಿವಿಗೆ ಬೀಳಬಾರದಪ್ಪ. ಮದಿವಿ ಆಗೋತನಕ ಆ ಕೂಗು ಬ್ಯಾಡ.”

ಅಣ್ಣ ತಲೆಯಾಡಿಸಿದ. ಆಮೇಲೆ ಕೂಗಲೇ ಇಲ್ಲ. ಗುಣವಾಯಿತೆಂದು ನಾವು ತಿಳಿದೆವು.

ಮದುವೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ನೀರು ತುಂಬಿದ ಹಳೆಯ ಖಣಿಯ ಅಂಚಿನಲ್ಲಿ ಅವನನ್ನು ಕಂಡೆ. ಚಪ್ಪಲಿ ಬದಿಗಿಟ್ಟಿದ್ದ. ನನ್ನ ಬಾಯಿಗೆ ಬೇರೇನೂ ಬರಲಿಲ್ಲ. “ಹುಷಾರ್!” ಎಂದು ಅರಚಿದೆ. ಎಷ್ಟೋ ವರ್ಷದ ರೂಢಿ, ಅವನ ಕಾಲುಗಳು ತಾವಾಗಿಯೇ ಹಿಂದೆ ಸರಿದವು. ಓಡಿ ಹೋಗಿ ತಬ್ಬಿ ಹಿಡಿದೆ.

ಈಗಲೂ ಕಣ್ಣು ಮುಚ್ಚಿದರೆ ಆ ಕಾಲುಗಳೇ ಕಾಣುತ್ತವೆ. ಕೆಲವು ಸಲ ಅವು ಹಿಂದೆ ಸರಿಯುವುದಿಲ್ಲ.

“ನಮಗ್ಯಾಕ ಹೇಳಲಿಲ್ಲಣ್ಣ?”

“ಅವ್ವ ಬ್ಯಾಡ ಅಂದಿದ್ದಳಲ್ಲ.”

ಮನೆಗೆ ಬಂದು ಆ ಮಾತನ್ನು ಅವ್ವನಿಗೆ ಹೇಳಿದೆ. ಅಂದು ಬೀಗರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಅವರೆದುರೇ ಅಣ್ಣನ ಪಕ್ಕ ಕುಳಿತಳು. “ಹುಷಾರ್ ಅನ್ನೋ ನನ್ನಪ್ಪ. ಎಲ್ಲಾರಿಗೂ ಕೇಳಲಿ.”

ಅಣ್ಣ ಬಾಯಿ ತೆರೆದ. ದನಿ ಹೊರಡಲಿಲ್ಲ. ಕಡೆಗೆ ಅವ್ವನೇ ಕೂಗಿದಳು, ಗಂಟಲು ಹರಿಯುವಂತೆ.

“ಗಟ್ಟಿ ಕಲ್ಲದ...” ಎನ್ನಲು ಹೋದ ತಂಗಿಗೆ ಮಾತು ಮುಗಿಸಲಾಗಲಿಲ್ಲ.